ಒಂದು ಗೇಣಿನ ಕೊಡೆ

ಬೆಳಗಿನ ಐದೂ ಮುಕ್ಕಾಲು. ರೈಲು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳ ಅಡಿಯಲ್ಲಿ, ಮೂವರು ನಿಂತರೆ ನಾಲ್ಕನೆಯವರು ನೆನೆಯಲೇಬೇಕಾದಷ್ಟು ಜಾಗದಲ್ಲಿ, ಕಡ್ಡಿಯಣ್ಣ ಕಾಲು ಚಾಚಿ ಕೂತಿದ್ದಾರೆ. ಮಡಿಲಲ್ಲಿ ಬೋರಲಾಗಿ ಬಿದ್ದಿರುವ ಕಪ್ಪು ಕೊಡೆ. ತುಟಿಗಳ ನಡುವೆ ಎರಡು ತುಂಡು ತಂತಿ, ಕಾಲರಿಗೆ ಚುಚ್ಚಿದ ಸೂಜಿ, ಬಲಗೈಯಲ್ಲಿ ಮೂತಿ ಸವೆದ ಇಕ್ಕಳ. ಮುರಿದ ಕಡ್ಡಿಯನ್ನು ಬೆರಳಿನಿಂದಲೇ ತಡವಿ ಹುಡುಕಿ, ತಂತಿ ಸುತ್ತಿ, ಬಟ್ಟೆಯ ಮೂಲೆಗೆ ಮೂರು ಹೊಲಿಗೆ ಹಾಕಿ, ಬಿಚ್ಚಿ, ಬೆಳಕಿಗೆ ಹಿಡಿದು ತೂತಿದೆಯೇ ಎಂದು ಒಂದು ಸುತ್ತು ತಿರುಗಿಸಿ ನೋಡಿ, ಮಡಚಿ ಪಕ್ಕಕ್ಕಿಡಲು ನಾಲ್ಕು ನಿಮಿಷ. ಆರೂ ಹತ್ತರ ರೈಲಿಗೆ ಓಡುವವರು ಓಡುತ್ತಲೇ ಕೊಡೆ ಕೊಟ್ಟು ಹೋಗುತ್ತಾರೆ, ಸಂಜೆ ಓಡುತ್ತಲೇ ಎತ್ತಿಕೊಳ್ಳುತ್ತಾರೆ. ಅವರಲ್ಲಿ ಮುಕ್ಕಾಲುಪಾಲು ಜನ ಇವರ ಮುಖ ನೋಡಿಲ್ಲ, ಕೈ ಮಾತ್ರ ನೋಡಿದ್ದಾರೆ.

ಆದರೆ ಈ ಗುರುವಾರ ಕೈ ಓಡುವಷ್ಟು ತಲೆ ಓಡುತ್ತಿಲ್ಲ. ಪಕ್ಕದ ತಗಡಿನ ಡಬ್ಬದ ಮೇಲೆ ಐದು ಹೊಸ ಪುಟ್ಟ ಕೊಡೆಗಳು ಸಾಲಾಗಿ ಮಲಗಿವೆ. ಎದುರು ಬೀದಿಯ ಬ್ಯಾಗಿನ ಅಂಗಡಿಯಿಂದ, ನೋಡಿ ವಾಪಸ್ ಕೊಡುತ್ತೇನೆಂದು ತಂದವು. ಒಂದು ರಿಪೇರಿ ಮುಗಿದ ಕೂಡಲೇ ಕಡ್ಡಿಯಣ್ಣ ಅವುಗಳಲ್ಲೊಂದನ್ನು ಎತ್ತಿಕೊಳ್ಳುತ್ತಾರೆ. ಬಿಚ್ಚುತ್ತಾರೆ, ಮಡಚುತ್ತಾರೆ, ಗೇಣು ಹಾಕಿ ಅಳೆಯುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಮೂಗು ಮುರಿದು ಕೆಳಗಿಡುತ್ತಾರೆ. ಮತ್ತೆ ಅದನ್ನೇ ಎತ್ತಿಕೊಳ್ಳುತ್ತಾರೆ. ಮೂವತ್ತೊಂದು ವರ್ಷ ಊರಿನ ಕೊಡೆಗಳ ನಾಡಿ ಹಿಡಿದು ನೋಡಿದ ಮನುಷ್ಯ ಒಂದೇ ಒಂದು ಕೊಡೆ ಆರಿಸಲಾಗದೆ ಕಕ್ಕಾಬಿಕ್ಕಿಯಾಗಿ ಕೂತಿದ್ದಾರೆ.

ಕೊಡೆ ಬೇಕಿರುವುದು ಅವರ ಹೆಂಡತಿಗೆ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಆಕೆಯ ಕೆಲಸ, ದಿನಕ್ಕೆ ನಾನೂರು ಹಾಸಿಗೆ ಹೊದಿಕೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚುವುದು. ಆ ಕೋಣೆಯ ಗೋಡೆಯಲ್ಲಿ ಎಂದೋ ಮುಗಿದ ವರ್ಷದ ಕ್ಯಾಲೆಂಡರಿದೆ. ಅದರಲ್ಲಿನ ದೀಪಸ್ತಂಭದ ಚಿತ್ರಕ್ಕಾಗಿ ಯಾರೂ ಅದನ್ನು ತೆಗೆದಿಲ್ಲ. ಆ ದೀಪಸ್ತಂಭ ನೋಡಲೇಬೇಕೆಂದು ಅಲ್ಲಿನ ಏಳು ಹೆಂಗಸರು ಎರಡು ವರ್ಷದಿಂದ ಮಾತಾಡಿಕೊಂಡು, ಅಂತೂ ಇಂತೂ ಒಟ್ಟಿಗೆ ರಜೆ ಪಡೆದಿದ್ದಾರೆ. ಶನಿವಾರ ಆರೂ ಹತ್ತರ ರೈಲು. ತಲೆಗೊಂದೇ ಚೀಲ. ಹೆಂಡತಿಯ ಚೀಲದ ಪಕ್ಕದ ಜೇಬು ಸರಿಯಾಗಿ ಒಂದು ಗೇಣು ಉದ್ದವಿದೆ. ಸಮುದ್ರದ ಗಾಳಿ, ಮಳೆಗಾಲ, ಒಂದು ಗೇಣು ಜಾಗ. ತಿಂಗಳ ಹಿಂದೆ ಆಕೆ ಪಾತ್ರೆ ಒರೆಸುತ್ತಾ, ಇವರ ಕಡೆ ನೋಡದೆ, ಒಂದು ಮಾತು ಹೇಳಿದ್ದಾರೆ.

“ಚೀಲದಲ್ಲಿ ಹಿಡಿಯೋ ಹಾಗೆ ಒಂದು ಛತ್ರಿ ನೋಡಿಡಿ.”

ಬೇರೆ ಮನೆಯಲ್ಲಾಗಿದ್ದರೆ ಇದು ಮಾತೇ ಅಲ್ಲ. ಈ ಮನೆಯಲ್ಲಿ ಹದಿನಾಲ್ಕು ತಿಂಗಳ ನಂತರ ಆ ಬಾಯಿಂದ ಛತ್ರಿ ಎಂಬ ಮಾತು ಬಂದಿದೆ.

ಅದರ ಹಿಂದಿನ ಕಥೆಯನ್ನು ಕಡ್ಡಿಯಣ್ಣ ತಾವಾಗಿ ಹೇಳುವುದಿಲ್ಲ. ನಾವು ಕೇಳಿದ ಮೇಲೆ ಇಕ್ಕಳ ಕೆಳಗಿಟ್ಟು, ಎರಡು ಸಲ ಕೆಮ್ಮಿ, ಆಮೇಲೆ ಹೇಳುತ್ತಾರೆ. ಹೋದ ವರ್ಷ ಮಳೆಗಾಲದ ಆರಂಭದಲ್ಲಿ ಅವರು ಹೆಂಡತಿಗೊಂದು ಕೊಡೆ ಮಾಡಿಕೊಟ್ಟರು. ಗಿರಾಕಿಗಳು ಬಿಟ್ಟುಹೋದ ಕೊಡೆಗಳಲ್ಲಿ ಒಂದರ ಹಿಡಿ, ಇನ್ನೊಂದರ ಕಡ್ಡಿ, ಮೂರನೆಯದರ ಬಟ್ಟೆ. ಇಂಥ ಕೊಡೆ ಯಾವ ಅಂಗಡಿಯಲ್ಲೂ ಸಿಗದೆಂದು ಮನೆಯಲ್ಲಿ ಜಂಬವನ್ನೂ ಕೊಚ್ಚಿದ್ದರು. ಆಸ್ಪತ್ರೆಯ ಗೇಟಿನ ಬಳಿ ಬಿರುಗಾಳಿ ಬೀಸಿದ್ದೇ ತಡ, ಬಟ್ಟೆ ಕಿತ್ತುಕೊಂಡು ಹಾರಿ ದೊಡ್ಡ ಡಾಕ್ಟರ ಕಾರಿನ ಗಾಜಿಗೆ ಅಂಟಿಕೊಂಡಿತು. ಆಕೆಯ ಕೈಯಲ್ಲಿ ಉಳಿದದ್ದು ಬರೀ ಅಸ್ಥಿಪಂಜರ. ಛತ್ರಿ ರಿಪೇರಿಯವರ ಹೆಂಡತಿಗೇ ಈ ಗತಿಯೇ ಎಂದು ಜೊತೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆಯೂ ನಕ್ಕರಂತೆ.

“ಮನೆಗೆ ಬಂದು ಜಗಳ ಆಡಿದ್ರೆ ಚೆನ್ನಾಗಿರ್ತಿತ್ತು. ‘ಇನ್ಮೇಲೆ ನನಗೆ ಛತ್ರಿ ಬೇಡ’ ಅಂದ್ಲು, ಅಷ್ಟೇ. ಅವತ್ತಿಂದ ತಲೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕ್ಕೊಂಡು ಓಡಾಡ್ತಾಳೆ. ಊರಿನವರ ಛತ್ರಿ ಎಲ್ಲ ನಾನು ಸರಿ ಮಾಡೋದು, ನನ್ನ ಹೆಂಡತಿ ಪ್ಲಾಸ್ಟಿಕ್ ಹೊದ್ದುಕೊಂಡು ನನ್ನ ಮುಂದೇನೇ ಹೋಗೋದು.”

ಹೀಗಾಗಿ ಈ ಕೊಡೆಯ ಆಯ್ಕೆ ಬರೀ ಕೊಡೆಯ ಆಯ್ಕೆಯಲ್ಲ. ಅದೇ ಆರು ಜನರ ಮುಂದೆ, ಸಮುದ್ರದಂಡೆಯಲ್ಲಿ, ಆಕೆ ಇನ್ನೊಮ್ಮೆ ನಗೆಪಾಟಲಾದರೆ ಮೂರನೆಯ ಅವಕಾಶವಿಲ್ಲ. ಇದು ಕಡ್ಡಿಯಣ್ಣನಿಗೂ ಗೊತ್ತು.

ಇವರು ಈ ಕೆಲಸಕ್ಕೆ ಬಂದದ್ದೂ ಗೊಂದಲದಲ್ಲೇ. ಮೊದಲು ಡೇರೆ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಅದು ಒಂದು ಸೋಮವಾರ ಬಾಗಿಲು ಹಾಕಿತು. ಮೆಟ್ಟಿಲಡಿ ಕೂರುತ್ತಿದ್ದ ಸೋದರಮಾವ, ಬೇರೆ ಕೆಲಸ ಸಿಗುವ ತನಕ ಇಲ್ಲಿ ಕೂತಿರು ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಆ ಬೇರೆ ಕೆಲಸ ಇನ್ನೂ ಸಿಗಬೇಕಷ್ಟೇ. ಮಾವ ತೀರಿಕೊಂಡ ಮೇಲೆ ಇಕ್ಕಳವೂ ಡಬ್ಬವೂ ಇವರ ಪಾಲಿಗೆ ಬಂದವು. ನಿಲ್ದಾಣದವರು ಮೂರು ಸಲ ಎಬ್ಬಿಸಿದ್ದಾರೆ, ಮೂರು ಸಲವೂ ಮಳೆ ಬಂದ ದಿನ ಅವರೇ ಮುರಿದ ಕೊಡೆ ಹಿಡಿದು ಹುಡುಕಿಕೊಂಡು ಬಂದಿದ್ದಾರೆ. ಮೇಲಿನ ಮೆಟ್ಟಿಲು ಸಂದಿಯಿಂದ ಸೋರುತ್ತದೆ, ಆದ್ದರಿಂದ ಕೊಡೆ ರಿಪೇರಿ ಮಾಡುವವರು ತಾವೇ ಒಂದು ಕೊಡೆಯಡಿ ಕೂತಿರುತ್ತಾರೆ. ಅದರಲ್ಲಿ ಹನ್ನೆರಡು ತೇಪೆಗಳಿವೆ.

ಮಳೆಗಾಲದಲ್ಲಿ ದಿನಕ್ಕೆ ನಲವತ್ತು ಕೊಡೆ, ಗಾಳಿ ಬೀಸಿದ ಮಾರನೆಯ ದಿನ ಎಪ್ಪತ್ತು. ಒಂದೊಂದಕ್ಕೆ ಎಂಟು ಕಡ್ಡಿ, ಮಡಚುವ ಕೊಡೆಯಾದರೆ ಒಂದೊಂದು ಕಡ್ಡಿಗೂ ಮೂರೋ ನಾಲ್ಕೋ ಕೀಲು. ಬಿಸಿಲಿನ ತಿಂಗಳುಗಳಲ್ಲಿ ನಾಲ್ಕೈದು ಬಂದರೆ ಹೆಚ್ಚು, ಆಗ ಚೀಲಗಳ ಜಿಪ್ಪು ಹಾಕಿಕೊಂಡು ಕಾಲ ತಳ್ಳುತ್ತಾರೆ. ಬಲಗೈ ತೋರುಬೆರಳಿನ ಉಗುರು ಸೀಳಿ ಎಷ್ಟೋ ವರ್ಷವಾಯಿತು, ಮತ್ತೆ ಕೂಡಿಲ್ಲ. ಮಂಡಿ ಮಡಚಿದರೆ ಬಿಚ್ಚದು, ಬಿಚ್ಚಿದರೆ ಮಡಚದು. ಈ ತೊಂದರೆ ಕೊಡೆಗೆ ಬಂದಿದ್ದರೆ ಎಣ್ಣೆ ಬಿಟ್ಟು ಸರಿ ಮಾಡಬಹುದಿತ್ತು ಎಂದು ಅವರೇ ತಮಾಷೆ ಮಾಡುತ್ತಾರೆ.

ಯಾವ ಕೊಡೆ ಕೊಂಡರೆ ಒಳ್ಳೆಯದು ಎಂದು ದಿನಕ್ಕೆ ಹತ್ತು ಜನ ಕೇಳುತ್ತಾರೆ. ಮೂವತ್ತೊಂದು ವರ್ಷ ಕಡ್ಡಿಯಣ್ಣ ಈ ಪ್ರಶ್ನೆಗೆ ನಕ್ಕು ಜಾರಿಕೊಂಡಿದ್ದಾರೆ. ಈಗ ಜಾರಿಕೊಳ್ಳುವ ದಾರಿಯಿಲ್ಲ. ಹೆಂಡತಿ ಹೇಳಿದ ಮಾರನೆಯ ದಿನದಿಂದಲೇ ಅವರು ಒಂದು ಉಪಾಯ ಮಾಡಿದರು. ಮೆಟ್ಟಿಲಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದರು. ಯಾವ ಜಾತಿಯ ಮಡಚುವ ಕೊಡೆ ರಿಪೇರಿಗೆ ಎಷ್ಟು ಸಲ ಬಂತು ಎಂಬ ಲೆಕ್ಕ. ತಿಂಗಳ ಕೊನೆಗೆ ನೀಲಿ ಹಿಡಿಯ ಮೂರು ಮಡಿಕೆಯ ಕೊಡೆಯ ಮುಂದೆ ಅರವತ್ತೊಂದು ಗೆರೆ. ಬೆಳ್ಳಿ ಬಣ್ಣದ ಐದು ಮಡಿಕೆಯ ಕೊಡೆಯ ಮುಂದೆ ಎರಡೇ ಎರಡು. ನೀಲಿ ಹಿಡಿಯದು ಗೇಣಿಗೆ ಸರಿಸಮ, ಬೆಳ್ಳಿಯದು ಗೇಣಿಗೂ ನಾಲ್ಕು ಬೆರಳು ಕಡಿಮೆ, ಅಂಗಿ ಜೇಬಿನಲ್ಲೂ ಹೋಗುತ್ತದೆ. ತೂಕ ಇದೆಯೋ ಇಲ್ಲವೋ ತಿಳಿಯದು. ಹೀಗೆ ಗೋಡೆಯೇ ಉತ್ತರ ಹೇಳುತ್ತಿದ್ದರೂ ಅವರ ಕೈ ಮಾತ್ರ ಆ ಬೆಳ್ಳಿ ಕೊಡೆಯನ್ನು ಒಪ್ಪುತ್ತಿಲ್ಲ.

“ಇಷ್ಟು ಕೀಲಿದೆ, ಕಡ್ಡಿ ನೋಡಿದ್ರೆ ಹಲ್ಲು ಚುಚ್ಚೋ ಕಡ್ಡಿ ಹಾಗಿದೆ. ಆದರೂ ರಿಪೇರಿಗೇ ಬರಲ್ಲ. ಹೇಗೆ ಅಂತ ತಲೆಗೆ ಹೋಗ್ತಿಲ್ಲ.”

ಆದರೂ ಲೆಕ್ಕ ಲೆಕ್ಕವೇ. ಗುರುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅವರು ಬೆಳ್ಳಿ ಕೊಡೆಯನ್ನು ಬೇರೆ ಎತ್ತಿಟ್ಟು, ಉಳಿದ ನಾಲ್ಕನ್ನು ವಾಪಸ್ ಕೊಡಲು ಕಟ್ಟಿಟ್ಟಿದ್ದಾರೆ. ಆಗಲೇ ನಿಲ್ದಾಣದ ಕಸ ಗುಡಿಸುವ ಅಕ್ಕ ತಳ್ಳುಗಾಡಿ ನಿಲ್ಲಿಸಿ, ಒಂದು ಲೋಟ ಚಹಾ ಅವರಿಗೂ ಕೊಟ್ಟು, ಅದೇನು ಹೊಸ ಕೊಡೆ ಎಂದು ವಿಚಾರಿಸುತ್ತಾರೆ. ವಿಷಯ ಕೇಳಿ ಬೆಳ್ಳಿ ಕೊಡೆಯನ್ನು ಬೆರಳಿಂದ ತಟ್ಟುತ್ತಾರೆ.

“ಇದು ನಿಮ್ಮ ಹತ್ರ ಯಾಕೆ ಬರುತ್ತೆ ಅಣ್ಣ? ನನ್ನ ಹತ್ರ ಬರುತ್ತೆ.”

ತಳ್ಳುಗಾಡಿಯ ಮುಚ್ಚಳ ತೆರೆದು ತೋರಿಸುತ್ತಾರೆ. ಹಿಂದಿನ ದಿನ ಗಾಳಿ ಬೀಸಿತ್ತು. ಬಾಳೆಹಣ್ಣಿನ ಸಿಪ್ಪೆ, ಪತ್ರಿಕೆ, ಕಾಗದದ ಲೋಟಗಳ ನಡುವೆ ಬೆಳ್ಳಿ ಬಣ್ಣದ ಒಂಬತ್ತು ಕೊಡೆಗಳು ಕಾಲು ಮುರಿದುಕೊಂಡು ಬಿದ್ದಿವೆ. ಮುರಿದರೆ ಜನ ಅಲ್ಲೇ ಬಿಸಾಡಿ ಹೋಗುತ್ತಾರಂತೆ, ಮೆಟ್ಟಿಲು ಇಳಿದು ಇವರ ತನಕ ಬರುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲವಂತೆ. ನೀಲಿ ಹಿಡಿಯದು ಎಷ್ಟು ಸಿಗುತ್ತದೆ ಎಂದು ಕಡ್ಡಿಯಣ್ಣ ಕ್ಷೀಣ ದನಿಯಲ್ಲಿ ಕೇಳುತ್ತಾರೆ. ಈ ಮಳೆಗಾಲದಲ್ಲಿ ಒಂದೂ ಸಿಕ್ಕಿಲ್ಲ ಎಂದು ಅಕ್ಕ ಗಾಡಿ ತಳ್ಳಿಕೊಂಡು ಹೋಗುತ್ತಾರೆ.

ಆಮೇಲಿನ ಎರಡು ಗಂಟೆ ಅವರು ಮಾಡಿದ ರಿಪೇರಿಯನ್ನು ಹೊಗಳುವ ಹಾಗಿಲ್ಲ. ಒಂದು ಕೊಡೆಗೆ ಎಡಗಡೆ ಕಡ್ಡಿಯನ್ನು ಬಲಗಡೆ ಹಾಕಿ ಮತ್ತೆ ಬಿಚ್ಚಬೇಕಾಯಿತು. ಗೋಡೆಯ ಮೇಲಿನ ಅರವತ್ತೊಂದು ಗೆರೆಗಳನ್ನು ಒಬ್ಬರೇ ನೋಡುತ್ತಾ ಕೂತರು. ಆ ನೀಲಿ ಹಿಡಿಯ ಕೊಡೆಗಳನ್ನು ತಂದವರು ಒಬ್ಬೊಬ್ಬರಾಗಿ ನೆನಪಾಗತೊಡಗಿದರು. ಎಡಗೈ ಮೇಷ್ಟ್ರು ಹನ್ನೊಂದು ವರ್ಷದಿಂದ ಅದೇ ಕೊಡೆ ತರುತ್ತಿದ್ದಾರೆ. ಟಿಕೆಟ್ ಕೊಡುವ ಹೆಂಗಸು ಅದರ ಬಟ್ಟೆ ಎರಡು ಸಲ ಬದಲಾಯಿಸಿಕೊಂಡಿದ್ದಾರೆ. ಎಲ್ಲರೂ ಕೊಡೆ ಮುಂದೆ ಚಾಚುತ್ತಾ ಹೇಳುವ ಮಾತೂ ಒಂದೇ, ಬಿಸಾಕೋಕೆ ಮನಸ್ಸಿಲ್ಲ, ಸರಿ ಮಾಡಿಕೊಡಿ. ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ಆ ಮಾತನ್ನು ಕಡ್ಡಿಯಣ್ಣ ಈ ತನಕ ಕೇಳಿಸಿಕೊಂಡೇ ಇರಲಿಲ್ಲ.

“ಹೆಚ್ಚು ರಿಪೇರಿಗೆ ಬರೋದು ಕೆಟ್ಟದ್ದು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಕೆಟ್ಟದ್ದನ್ನ ನಾನು ನೋಡೇ ಇಲ್ಲ. ನೋಡಿದ್ದೆಲ್ಲ ಒಳ್ಳೇದನ್ನೇ. ಈಗ ನನಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತಾನೇ ಗೊತ್ತಾಗ್ತಿಲ್ಲ.”

ಶುಕ್ರವಾರ ಬೆಳಿಗ್ಗೆ ನೀಲಿ ಹಿಡಿಯ ಕೊಡೆ ಉಳಿದುಕೊಂಡು ಬೆಳ್ಳಿಯದು ಅಂಗಡಿಗೆ ವಾಪಸಾಗುತ್ತದೆ. ಬ್ಯಾಗಿನ ಅಂಗಡಿಯ ಯಜಮಾನಿ ಅಂತೂ ಮುಹೂರ್ತ ಕೂಡಿಬಂತಲ್ಲ ಎಂದು ನಗುತ್ತಾರೆ. ಇಲ್ಲಿಗೆ ಈ ಕಥೆ ಸುಖಾಂತವಾಗಬೇಕಿತ್ತು. ಆದರೆ ಕೈಯಲ್ಲಿ ಇಕ್ಕಳವಿರುವ ಮನುಷ್ಯ ಹೊಸ ಕೊಡೆಯನ್ನು ಸುಮ್ಮನೆ ಬಿಟ್ಟಾರೆಯೇ? ಮೊದಲು, ಸಮುದ್ರದ ಗಾಳಿಗಿರಲಿ ಎಂದು ಎರಡು ಕಡ್ಡಿಗಳ ಕೀಲಿಗೆ ತಂತಿ ಸುತ್ತಿದರು. ಎರಡಕ್ಕೆ ಸುತ್ತಿ ಆರಕ್ಕೆ ಬಿಟ್ಟರೆ ಭಾರ ಒಂದೇ ಕಡೆ ಬಿದ್ದೀತೆಂದು ಎಂಟಕ್ಕೂ ಸುತ್ತಿದರು. ತೆಳು ಅಲ್ಯೂಮಿನಿಯಂ ಕಡ್ಡಿಗಳನ್ನು ನೋಡನೋಡುತ್ತಾ ಮನಸ್ಸು ತಡೆಯದೆ, ಹಳೆಯ ಉಕ್ಕಿನ ಕಡ್ಡಿಗಳನ್ನು ಕೂರಿಸಿದರು. ಉಕ್ಕಿಗೆ ಮೂಲ ಹೊಲಿಗೆ ಸಾಲದೆಂದು ಪ್ರತಿ ಮೂಲೆಗೂ ಚರ್ಮದ ತುಂಡು. ಅಷ್ಟು ತೂಕಕ್ಕೆ ಸ್ಪ್ರಿಂಗು ದಪ್ಪಗಿರಬೇಡವೇ? ಅದೂ ಬದಲಾಯಿತು. ಸಂಜೆ ಐದಕ್ಕೆ ಸಿದ್ಧವಾದ ಕೊಡೆಯಡಿ ಆನೆ ನಿಂತರೂ ನೆನೆಯದು. ಅದನ್ನು ಎತ್ತಿ ಹಿಡಿಯಲೂ ಆನೆಯೇ ಬೇಕು.

ಅವರ ಮನೆ ನಿಲ್ದಾಣದ ಹಿಂದಿನ ಮೂರಂತಸ್ತಿನ ಕಟ್ಟಡದ ಮೇಲ್ಭಾಗದಲ್ಲಿ, ಒಂದೂವರೆ ಕೋಣೆ. ಮಂಚದ ಮೇಲೆ ಹೆಂಡತಿಯ ಚೀಲ ಆಗಲೇ ತುಂಬಿ ಸಿದ್ಧವಾಗಿದೆ. ಬಟ್ಟೆಗಳನ್ನು ಆಸ್ಪತ್ರೆಯ ಹೊದಿಕೆಗಳಂತೆಯೇ ಅಂಚಿಗೆ ಅಂಚು ಕೂಡಿಸಿ ಜೋಡಿಸಿದ್ದಾರೆ. ಪಕ್ಕದ ಜೇಬು ಮಾತ್ರ ಖಾಲಿ, ಜಿಪ್ಪು ತೆರೆದೇ ಇದೆ. ಕಡ್ಡಿಯಣ್ಣ ಕೊಡೆಯನ್ನು ಆ ಜೇಬಿಗೆ ತುರುಕಲು ನೋಡುತ್ತಾರೆ. ಹೋಗುವುದಿಲ್ಲ. ಕೆಳಗು ಮೇಲು ಮಾಡಿ ನೋಡುತ್ತಾರೆ. ಅಡ್ಡಲಾಗಿ ನೋಡುತ್ತಾರೆ. ಹೆಂಡತಿ ಕೈ ಕಟ್ಟಿಕೊಂಡು ನಿಂತು ಎಲ್ಲವನ್ನೂ ನೋಡಿ, ಕೊನೆಗೆ ಕೊಡೆಯನ್ನು ತಮ್ಮ ಕೈಗೆ ತೆಗೆದುಕೊಂಡು ತೂಗಿ ನೋಡುತ್ತಾರೆ.

“ನಾನು ದೀಪಸ್ತಂಭ ನೋಡೋಕೆ ಹೋಗ್ತಿರೋದು, ಕಟ್ಟೋಕಲ್ಲ.”

ಕಡ್ಡಿಯಣ್ಣ ಗೋಡೆಯ ಗೆರೆ, ಕಸದ ಗಾಡಿ, ಉಕ್ಕಿನ ಕಡ್ಡಿ ಎಲ್ಲವನ್ನೂ ಹಿಂದುಮುಂದಾಗಿ ಒದರುತ್ತಾರೆ. ಆಕೆ ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಒಂದು ತಿಂಗಳು ಗೆರೆ ಎಳೆದರೇ ಎಂದು ಒಂದೇ ಪ್ರಶ್ನೆ ಕೇಳಿ, ಹೌದೆಂದ ಮೇಲೆ ಕೊಡೆಯನ್ನು ಅವರ ಕೈಗೇ ವಾಪಸ್ ಕೊಡುತ್ತಾರೆ.

“ನೀವು ಹೆದರಿದ್ದೀರಿ” ಎನ್ನುತ್ತಾರೆ ಆಮೇಲೆ. “ಇದು ಬಂದಾಗ ಹೇಗಿತ್ತೋ ಹಾಗೆ ಮಾಡಿ ಕೊಡಿ. ಹೋದ ಸಲ ನಕ್ಕಿದ್ದು ನನಗೇನೂ ಆಗಲಿಲ್ಲ. ನನಗೆ ಅಂತ ಮಾಡಿದ ಛತ್ರೀನ ಬೇರೆಯವರು ಬಿಟ್ಟುಹೋದ ತುಂಡುಗಳಿಂದ ಮಾಡಿದ್ರಲ್ಲ, ಅದು ನೋವಾಯ್ತು.”

ಇದನ್ನು ನಮಗೆ ಹೇಳುವಾಗ ಕಡ್ಡಿಯಣ್ಣ ಇಕ್ಕಳವನ್ನು ಮೂರು ಸಲ ತೆರೆದು ಮುಚ್ಚುತ್ತಾರೆ. ಹದಿನಾಲ್ಕು ತಿಂಗಳು ಅವರು ಗಾಳಿಯನ್ನು ಬೈದಿದ್ದರು, ಹೊಲಿಗೆಯನ್ನು ಬೈದಿದ್ದರು. ಆ ಕೊಡೆ ಮೂವರು ಬಿಟ್ಟುಹೋದ ತುಂಡುಗಳಿಂದ ಆದದ್ದೆಂದು ಆಕೆಗೆ ನೋವಾಗಿರಬಹುದೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಅವರ ಪಾಲಿಗೆ ಅದು ಹೆಮ್ಮೆಯ ಕೆಲಸವಾಗಿತ್ತು, ಅದಕ್ಕೇ ಅವರಿಗೆ ಆಕೆಯ ನೋವು ಕಾಣಲಿಲ್ಲ.

ಊಟಕ್ಕೆ ಮುಂಚೆಯೇ ಕೆಲಸ ಶುರುವಾಗುತ್ತದೆ. ಏನನ್ನೂ ಎಸೆಯುವ ಅಭ್ಯಾಸವಿಲ್ಲದ ಕಾರಣ ಮೂಲ ಕಡ್ಡಿಗಳೂ ಸ್ಪ್ರಿಂಗೂ ಜೊತೆಗೆ ತಂದ ಡಬ್ಬದಲ್ಲಿ ಭದ್ರವಾಗಿವೆ. ಅವರು ಉಕ್ಕು ತೆಗೆದು ಅಲ್ಯೂಮಿನಿಯಂ ಕೂರಿಸುತ್ತಾ ಹೋಗುತ್ತಾರೆ, ಆಕೆ ಮೂಲೆಯ ಚರ್ಮದ ಹೊಲಿಗೆ ಬಿಚ್ಚುತ್ತಾ ಬರುತ್ತಾರೆ. ಕಡೆಗೆ ಬಟ್ಟೆ ಮಡಚುವ ಸರದಿ ಬಂದಾಗ ಆಕೆ ಕೊಡೆಯನ್ನು ಅವರ ಕೈಯಿಂದ ಕಿತ್ತುಕೊಳ್ಳುತ್ತಾರೆ. ಎಂಟು ಎಸಳನ್ನೂ ಒಂದೊಂದಾಗಿ ಹೊರಗೆಳೆದು, ಅಂಗೈಯಿಂದ ನೇವರಿಸಿ, ಒಂದರ ಮೇಲೊಂದು ಸುತ್ತಿ ಗುಂಡಿ ಹಾಕುತ್ತಾರೆ. ಕೊಡೆ ಜೇಬಿನೊಳಗೆ ಹೋಗುತ್ತದೆ, ಜಿಪ್ಪೂ ಮುಚ್ಚುತ್ತದೆ. ಕೊಡೆ ಮಡಚುವುದು ತಮಗೆ ಗೊತ್ತಿಲ್ಲವೆಂಬುದೂ ಕಡ್ಡಿಯಣ್ಣನಿಗೆ ಆ ಸಂಜೆಯೇ ತಿಳಿಯುತ್ತದೆ.

ಶನಿವಾರ ಬೆಳಿಗ್ಗೆ ಆರು ಗಂಟೆ. ಪ್ಲಾಟ್‌ಫಾರಂ ಮೇಲೆ ಏಳು ಹೆಂಗಸರು, ಏಳು ಚೀಲ, ಮದುವೆ ಮನೆಯಷ್ಟು ಗದ್ದಲ. ಅಡ್ಡಮಳೆ ಹೊಡೆಯುತ್ತಿದೆ. ಕಡ್ಡಿಯಣ್ಣ ಕಂಬದ ಪಕ್ಕ ಇಕ್ಕಳವನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಾರೆ. ಸೂರಿನ ಅಂಚಿನಿಂದ ಆಚೆಗೆ ಹೆಜ್ಜೆಯಿಟ್ಟ ಹೆಂಡತಿ ಕೊಡೆ ಬಿಚ್ಚಿ ಎರಡು ಹೆಜ್ಜೆ ನಡೆಯುವಷ್ಟರಲ್ಲಿ, ಹಳಿಗಳ ಕಡೆಯಿಂದ ಗಾಳಿ ನುಗ್ಗಿ ಕೊಡೆ ಫಟ್ಟೆಂದು ಮಗುಚಿಕೊಳ್ಳುತ್ತದೆ.

ಆರು ಜನರ ಬಾಯಿ ಒಟ್ಟಿಗೆ ತೆರೆಯುತ್ತದೆ. ಕಡ್ಡಿಯಣ್ಣ ಕಣ್ಣು ಮುಚ್ಚಿಕೊಳ್ಳುತ್ತಾರೆ. ಆದ್ದರಿಂದ ಮುಂದಿನದ್ದನ್ನು ಅವರು ನೋಡಲಿಲ್ಲ, ಕೇಳಿದರಷ್ಟೇ. ಆಕೆ ನೆನೆದ ಹೊದಿಕೆಯನ್ನು ಒದರುವ ಹಾಗೆ ಕೈಯನ್ನು ಒಮ್ಮೆ ಒದರಿದರು, ಇನ್ನೊಮ್ಮೆ ಫಟ್ಟೆಂದಿತು, ಕೊಡೆ ಮೊದಲಿನಂತಾಯಿತು. ಬಟ್ಟೆ ಹಾರಲಿಲ್ಲ, ಕಡ್ಡಿ ಮುರಿಯಲಿಲ್ಲ. ತೆಳು ಕಡ್ಡಿಯಾದ್ದರಿಂದಲೇ ಬಾಗಿ ಮರಳಿ ಬಂದಿತ್ತು, ಉಕ್ಕಿನದ್ದಾಗಿದ್ದರೆ ಕೀಲಿನಲ್ಲೇ ಕಿತ್ತುಹೋಗುತ್ತಿತ್ತು. ಒಬ್ಬಾಕೆ, ಅಣ್ಣಾ ನನಗೂ ಇಂಥದ್ದೇ ಒಂದು ಎಂದು ಕೂಗಿ ಹೇಳುತ್ತಾರೆ.

“ಸುಮ್ನೆ ಸಿಗಲ್ಲ ಇದು. ನಮ್ಮ ಮನೆಯವರು ಒಂದು ತಿಂಗಳು ಕೂತು ಆರಿಸಿದ್ದಾರೆ” ಎನ್ನುತ್ತಾರೆ ಹೆಂಡತಿ.

ಒಂದು ಕಡ್ಡಿಯ ತುದಿ ಕೂದಲೆಳೆಯಷ್ಟು ಬಾಗಿರುವುದು ಕಡ್ಡಿಯಣ್ಣನ ಕಣ್ಣಿಗೆ ಬಿದ್ದು, ಇಕ್ಕಳ ತನ್ನಷ್ಟಕ್ಕೆ ಮುಂದೆ ಬರುತ್ತದೆ. ಆಕೆ ಕೊಡೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಇರಲಿ, ಈಗ ಮುಟ್ಟಬೇಡಿ ಎಂದು ರೈಲು ಹತ್ತುತ್ತಾರೆ.

ರೈಲು ಹೋದ ಮೇಲೆ ಮೆಟ್ಟಿಲಡಿ ಎಂದಿನಂತೆ ಕೊಡೆಗಳು ಬಂದು ಬೀಳುತ್ತವೆ. ಗೋಡೆಯ ಮೇಲಿನ ಗೆರೆಗಳು ಅರ್ಧ ಅಳಿಸಿಹೋಗಿವೆ. ಪ್ರವಾಸಕ್ಕೆ ಯಾವ ಕೊಡೆ ಒಳ್ಳೆಯದು ಎಂದು ಯಾರೋ ಅವಸರದವರು ಕೇಳುತ್ತಾರೆ. ಗೊತ್ತಿಲ್ಲ ಸ್ವಾಮಿ, ಎಂದು ಕಡ್ಡಿಯಣ್ಣ ನಿಜವನ್ನೇ ಹೇಳುತ್ತಾರೆ. ಹಾಗಾದರೆ ನಿಮಗೇನು ಆಸೆ ಎಂದು ನಾವು ಕೇಳಿದರೆ ಸೂಜಿಗೆ ದಾರ ಪೋಣಿಸುತ್ತಾ ಹೇಳುತ್ತಾರೆ.

“ಹನ್ನೊಂದು ವರ್ಷ ಆದ ಮೇಲೆ ಆ ಛತ್ರಿ ಬಟ್ಟೆ ಹರಿದು, ತುಕ್ಕು ಹಿಡಿದು, ಇಲ್ಲಿಗೆ ಬರಬೇಕು. ಅವಳೂ ಎಲ್ಲರ ಹಾಗೆ ಸಾಲಲ್ಲಿ ನಿಂತು, ‘ಬಿಸಾಕೋಕೆ ಮನಸ್ಸಿಲ್ಲ, ಸರಿ ಮಾಡ್ಕೊಡಿ’ ಅನ್ನಬೇಕು. ಅಷ್ಟು ಸಾಕು.”